ಗೊತ್ತಿದ್ದೇ ದತ್ತು ತೆಗೆದುಕೊಂಡಿರಲ್ಲವೇ ಎಂದು ಕೇಳಿದವರಿಗೆ

ಇಂದು ಮಧ್ಯಾಹ್ನ ನಮ್ಮ ಸಿಬ್ಬಂದಿ ಕ್ಷೇಮನಿಧಿ ಸಮಿತಿಯ ಅಧ್ಯಕ್ಷರು, ಮಗಳ ವಿಶೇಷ ಶಾಲೆಯ ಖರ್ಚಿಗಾಗಿ ನಾನು ಹಾಕಿದ್ದ ಅರ್ಜಿಯ ಜೊತೆಗಿದ್ದ ದತ್ತು ಆದೇಶದ ಪ್ರತಿಯನ್ನು ಎತ್ತಿ ಹಿಡಿದು, ಮೇಜಿನ ಸುತ್ತ ಕುಳಿತಿದ್ದ ಸದಸ್ಯರಿಗೆಲ್ಲ ಕಾಣುವಂತೆ ಒಮ್ಮೆ ತಿರುಗಿಸಿ, "ಮಗುವಿಗೆ ಹೀಗಿದೆ ಎಂದು ಗೊತ್ತಿದ್ದೇ ದತ್ತು ತೆಗೆದುಕೊಂಡಿರಲ್ಲವೇ? ಹಾಗಿದ್ದ ಮೇಲೆ ಶಾಲೆಯ ಖರ್ಚಿಗೆ ಈಗ ನಮ್ಮ ಬಳಿ ಬಂದರೆ ಹೇಗೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿದು, "ಹೆತ್ತವರ ವಿಷಯ ಬೇರೆ, ಅವರಿಗೆ ಬೇರೆ ದಾರಿ ಇರುವುದಿಲ್ಲ, ಮೊದಲು ಅಂಥವರನ್ನು ನೋಡಬೇಕಾಗುತ್ತದೆ" ಎಂದರು. ಮನೆಗೆ ಬಂದು ಗಂಟೆಗಳೇ ಕಳೆದಿವೆ. ಆ ಮಾತುಗಳನ್ನು ಬಿಟ್ಟು ಬೇರೇನನ್ನೂ ಯೋಚಿಸಲು ನನ್ನಿಂದ ಆಗುತ್ತಿಲ್ಲ.

ನನ್ನ ಮಗಳು ಪಕ್ಕದಲ್ಲಿಯೇ ಗಾಲಿಕುರ್ಚಿಯಲ್ಲಿ ಕುಳಿತಿದ್ದಳು. ಮಗುವನ್ನು ಕಡ್ಡಾಯವಾಗಿ ಕರೆತರಬೇಕೆಂದು ಪತ್ರದಲ್ಲಿ ಬರೆದಿದ್ದವರು ಅವರೇ. ಅವಳಿಗೆ ಮಾತು ಬರುವುದಿಲ್ಲ, ಆದರೆ ಕಿವಿ ಚೆನ್ನಾಗಿ ಕೇಳುತ್ತದೆ, ತನ್ನ ವಿಷಯದಲ್ಲಿ ಯಾರು ಏನು ಆಡಿದರೂ ಅವಳಿಗೆ ತಿಳಿಯುತ್ತದೆ. ಒಬ್ಬ ಸದಸ್ಯರು ಅವಳ ಹೆಸರನ್ನು ನನ್ನನ್ನು ನೋಡಿಕೊಂಡು ಕೇಳಿದರು. ಅವಳೇ ಹೇಳುತ್ತಾಳೆ, ಸ್ವಲ್ಪ ಕಾಯಿರಿ ಎಂದು ನಾನು ಹೇಳಿದೆ. ಅವಳ ತೊಡೆಯ ಮೇಲಿದ್ದ ಚಿತ್ರಫಲಕದಲ್ಲಿ ತನ್ನ ಭಾವಚಿತ್ರದ ಕಡೆಗೆ ಬೆರಳನ್ನು ತಲುಪಿಸಲು ಅವಳಿಗೆ ಸಮಯ ಬೇಕು, ಏಕೆಂದರೆ ಬಿಗಿಯಾದ ಸ್ನಾಯುಗಳು ಅವಳು ಹೇಳಿದ ಕೂಡಲೇ ಕೇಳುವುದಿಲ್ಲ. ಬೆರಳು ಚಿತ್ರವನ್ನು ಮುಟ್ಟುವಷ್ಟರಲ್ಲಿ ಆ ಸದಸ್ಯರು ಮುಂದಿನ ಪುಟಕ್ಕೆ ಹೋಗಿಯಾಗಿತ್ತು. ದತ್ತು ಆದೇಶವನ್ನು ಎತ್ತಿ ತೋರಿಸಿದ್ದು ಆಮೇಲೆ. ಅದರ ಹಿಂದೆಯೇ ಇನ್ನೊಬ್ಬರು, ಬಹಳ ಸಹಜವಾಗಿ, ವಿಳಾಸವನ್ನು ವಿಚಾರಿಸುವ ದನಿಯಲ್ಲಿ, "ಇವರಿಗೆ ಸ್ವಂತ ಮಕ್ಕಳಿದ್ದಾರೆಯೇ?" ಎಂದು ಗುಮಾಸ್ತರನ್ನು ಕೇಳಿದರು. ಎದುರಿಗೇ ಕುಳಿತಿದ್ದ ನನ್ನನ್ನೂ ಕೇಳಲಿಲ್ಲ. "ಇವಳೇ ನನ್ನ ಮಗಳು" ಎಂದು ನಾನು ಹೇಳಿದೆ. "ಅದು ಸರಿ, ಆದರೆ..." ಎಂದು ಅಧ್ಯಕ್ಷರು ಮಾತನ್ನು ಅರ್ಧಕ್ಕೇ ನಿಲ್ಲಿಸಿ ಕಡತವನ್ನು ಮಡಚಿದರು. ಅವಳು ದತ್ತು ಮಗಳೆಂಬುದನ್ನು ನಾವು ಅವಳಿಂದ ಎಂದೂ ಮುಚ್ಚಿಟ್ಟಿಲ್ಲ. ಅವಳನ್ನು ಮೊದಲ ಬಾರಿ ಎತ್ತಿಕೊಂಡ ದಿನದ ಚಿತ್ರಗಳನ್ನು ಅವಳೇ ಬೆರಳು ಮಾಡಿ ಮತ್ತೆ ಮತ್ತೆ ತೋರಿಸಿ ಕಥೆ ಹೇಳಿಸಿಕೊಳ್ಳುತ್ತಾಳೆ. ಆದರೆ ತಾನು ದತ್ತು ಮಗಳಾಗಿರುವುದು ಒಂದು ಖರ್ಚಿನ ತಕರಾರು ಎಂಬುದನ್ನು ಅವಳು ಕೇಳಿಸಿಕೊಂಡದ್ದು ಇಂದೇ ಮೊದಲು.

ಆ "ಆದರೆ" ಎಂಬುದರ ಮುಂದೆ ಏನಿತ್ತು ಎಂದು ನನಗೆ ಯಾರಾದರೂ ಹೇಳಬೇಕು. ನಿಧಿಯ ನಿಯಮಾವಳಿಯಲ್ಲಿ ಇರುವುದು "ಸಿಬ್ಬಂದಿಯ ಮಕ್ಕಳ ವಿಶೇಷ ಶಿಕ್ಷಣಕ್ಕೆ ನೆರವು" ಎಂಬ ಒಂದೇ ಸಾಲು. ಹೆತ್ತ ಮಕ್ಕಳು ಎಂದು ಅಲ್ಲಿ ಎಲ್ಲಿಯೂ ಬರೆದಿಲ್ಲ, ಪ್ರತಿ ತಿಂಗಳು ನನ್ನ ಸಂಬಳದಿಂದ ವಂತಿಗೆಯನ್ನು ಮುರಿದುಕೊಳ್ಳುವಾಗ ನಾನು ಹೆತ್ತವರ ಪೈಕಿಯೋ ಅಲ್ಲವೋ ಎಂದು ಯಾರೂ ವಿಚಾರಿಸಿಲ್ಲ. ದತ್ತಿನ ನಿಯಮಗಳನ್ನೂ ಒಳಗೊಂಡಿರುವ 2015ರ ಬಾಲನ್ಯಾಯ ಕಾಯಿದೆಯ 63ನೇ ಸೆಕ್ಷನ್ ಸಂದಿಗ್ಧಕ್ಕೆ ಎಡೆಯನ್ನೇ ಇಟ್ಟಿಲ್ಲ. ದತ್ತು ಆದೇಶ ಜಾರಿಗೆ ಬಂದ ದಿನದಿಂದ ಆ ಮಗು ಎಲ್ಲ ಉದ್ದೇಶಗಳಿಗೂ ದತ್ತು ಪಡೆದವರ ಮಗು, ಅವರಿಗೇ ಹುಟ್ಟಿದಂತೆ ಎಂದು ಅದು ಹೇಳುತ್ತದೆ. ಆಸ್ತಿಯ ಉತ್ತರಾಧಿಕಾರವೂ ಅದರೊಳಗೆ ಬಂದಿದೆ. ಆಸ್ತಿಗೆ ಮಗಳಾಗುವವಳು ಶಾಲೆಗೆ ಮಗಳಾಗುವುದಿಲ್ಲವೇ? ಅಧ್ಯಕ್ಷರು ಎತ್ತಿ ಹಿಡಿದಿದ್ದ ಕಾಗದವೇ ಇದಕ್ಕೆ ಉತ್ತರ. ಅವರು ಅದನ್ನು ಎಲ್ಲರಿಗೂ ತೋರಿಸಿದರು, ತಾವು ಓದಲಿಲ್ಲ.

ಗೊತ್ತಿದ್ದೇ ತೆಗೆದುಕೊಂಡಿರಿ ಎನ್ನುವವರಿಗೆ ಏನು ಗೊತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ದತ್ತು ಪ್ರಕ್ರಿಯೆಯಲ್ಲಿ ಮಗುವಿನ ಅಧ್ಯಯನ ವರದಿಯನ್ನೂ ವೈದ್ಯಕೀಯ ತಪಾಸಣಾ ವರದಿಯನ್ನೂ ಕೊಡುತ್ತಾರೆ, ಎರಡನ್ನೂ ಓದಿ, ನಮ್ಮದೇ ವೈದ್ಯರಿಗೆ ತೋರಿಸಿ, ಒಪ್ಪಿಗೆಯಿದ್ದರೆ ಸಹಿ ಹಾಕುತ್ತೇವೆ. ನಾವೂ ಹಾಗೆಯೇ ಹಾಕಿದೆವು. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗಾದ ಪೆಟ್ಟಿನಿಂದ ಕೈಕಾಲುಗಳ ಚಲನೆಯ ಮೇಲೆ ಹಿಡಿತ ತಪ್ಪುವ ಸ್ಥಿತಿ, ಎಂದು ಅದರಲ್ಲಿ ಬರೆದಿತ್ತು. ಆದರೆ ಇನ್ನೂ ಎರಡು ವರ್ಷ ತುಂಬದ ಕೂಸು ಮುಂದೆ ಮಾತನಾಡುತ್ತದೆಯೋ ಇಲ್ಲವೋ, ಅಕ್ಷರವನ್ನು ಯಾವ ದಾರಿಯಲ್ಲಿ ಕಲಿಯುತ್ತದೆ, ಎಷ್ಟು ಹೊತ್ತು ಕುಳಿತುಕೊಳ್ಳಬಲ್ಲದು ಎಂಬುದನ್ನು ಯಾವ ವರದಿ ಹೇಳೀತು? ಮಿದುಳಿಗಾದ ಪೆಟ್ಟು ಹೆಚ್ಚುತ್ತ ಹೋಗುವುದಿಲ್ಲ, ನಿಜ. ಆದರೆ ಮಗು ಬೆಳೆಯುತ್ತದೆ, ಮೂಳೆ ಉದ್ದವಾಗುವ ವೇಗಕ್ಕೆ ಬಿಗಿದ ಸ್ನಾಯು ಹಿಗ್ಗುವುದಿಲ್ಲ, ನಿನ್ನೆ ಸರಿಯಾಗಿದ್ದ ಕುರ್ಚಿ ಇಂದು ಬೆನ್ನನ್ನು ಸೊಟ್ಟಗೆ ಮಾಡುತ್ತದೆ. ಹುಟ್ಟಿನ ಸಮಯದಲ್ಲಿ ಮಗು ತಡವಾಗಿ ಅತ್ತಿತೇ, ತೂಕ ಎಷ್ಟಿತ್ತು, ತಾಯಿಗೆ ಜ್ವರ ಬಂದಿತ್ತೇ ಎಂದು ಪ್ರತಿ ಆಸ್ಪತ್ರೆಯಲ್ಲೂ ಪ್ರತಿ ಶಾಲೆಯಲ್ಲೂ ಕೇಳುತ್ತಾರೆ, ಆ ಅಂಕಣಗಳನ್ನು ನಾವು ಖಾಲಿ ಬಿಟ್ಟೇ ಬಂದಿದ್ದೇವೆ. ಇರಲಿ, ಎಲ್ಲವೂ ಮೊದಲೇ ಗೊತ್ತಿತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ನಾವು ಸಹಿ ಹಾಕಿದ್ದು ಅವಳ ತಂದೆತಾಯಿಯಾಗುವುದಕ್ಕೆ. ಅವಳ ಪಾಲಿಗೆ ಬರಬೇಕಾದದ್ದನ್ನು ಬಿಟ್ಟುಕೊಡುವ ಕರಾರಿಗೆ ನಾವು ಸಹಿ ಹಾಕಿಲ್ಲ.

"ಸರ್ಕಾರದ ಯೋಜನೆಗಳು ಬೇಕಾದಷ್ಟಿವೆಯಲ್ಲ" ಎಂದೂ ಅಲ್ಲಿ ಒಬ್ಬರು ಹೇಳಿದರು. ಇವೆ, ಒಂದೊಂದನ್ನೂ ನಾನು ಬಲ್ಲೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 31ನೇ ಸೆಕ್ಷನ್ ಪ್ರಕಾರ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ, 6ರಿಂದ 18 ವರ್ಷದೊಳಗಿನ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಇಲ್ಲವೇ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಎಷ್ಟು ಒಳ್ಳೆಯ ವಾಕ್ಯ! ಆ ವಾಕ್ಯವನ್ನು ಹಿಡಿದುಕೊಂಡು ನಾವು ಹತ್ತಿರದ ಶಾಲೆಗೂ ಹೋದೆವು. ಮುಖ್ಯೋಪಾಧ್ಯಾಯಿನಿ ಪ್ರೀತಿಯಿಂದಲೇ ಸೇರಿಸಿಕೊಳ್ಳುತ್ತೇನೆ ಎಂದರು, ಆದರೆ ಅಲ್ಲಿ ವಿಶೇಷ ಶಿಕ್ಷಕರು ಇರಲಿಲ್ಲ, ಹಲವು ಶಾಲೆಗಳಿಗೆ ಒಬ್ಬರೇ ಸರದಿಯ ಮೇಲೆ ಬಂದು ಹೋಗುತ್ತಿದ್ದರು, ಗಾಲಿಕುರ್ಚಿ ಒಳಹೋಗುವ ಶೌಚಾಲಯವೂ ಇರಲಿಲ್ಲ. ವಿಶೇಷ ಅಗತ್ಯದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10ಕ್ಕೆ ಒಬ್ಬರಂತೆ, ಅದರ ಮೇಲಿನ ಹಂತಗಳಲ್ಲಿ 15ಕ್ಕೆ ಒಬ್ಬರಂತೆ ವಿಶೇಷ ಶಿಕ್ಷಕರು ಇರಬೇಕೆಂಬ ಅನುಪಾತವನ್ನು ಸುಪ್ರೀಂ ಕೋರ್ಟ್ 2021ರಲ್ಲಿಯೇ ಹೇಳಿದೆ. ಆ ಹತ್ತರಲ್ಲಿ ಒಬ್ಬಳಾಗಲು ನನ್ನ ಮಗಳು ಇನ್ನೂ ಕಾಯುತ್ತಿದ್ದಾಳೆ. ಶಾಲಾ ಶಿಕ್ಷಣಕ್ಕಾಗಿ ಇರುವ ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಅಗತ್ಯದ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ ನಿಗದಿಯಾಗಿದೆ. ತಿಂಗಳಿಗಲ್ಲ, ವರ್ಷಕ್ಕೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಕೇಂದ್ರ ಕೊಡುವ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಸಿಗುವುದು 9 ಮತ್ತು 10ನೇ ತರಗತಿಗಳಿಗೆ, ಅಲ್ಲಿಗೆ ತಲುಪುವವರೆಗಿನ ಕಲಿಕೆಯನ್ನು ಮಗು ಎಲ್ಲಿಂದ ತರಬೇಕೋ ತಿಳಿಯದು. ಸೆರೆಬ್ರಲ್ ಪಾಲ್ಸಿಯಂಥ ವೈಕಲ್ಯವಿರುವವರಿಗೆ ಇರುವ ನಿರಾಮಯ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ವೆಚ್ಚವನ್ನು ನೋಡಿಕೊಳ್ಳುತ್ತದೆ, ಅದಕ್ಕೆ ನಾನು ನಿಜಕ್ಕೂ ಕೃತಜ್ಞಳು, ಆದರೆ ಶಾಲೆಯ ಶುಲ್ಕ ಅದರ ವ್ಯಾಪ್ತಿಯಲ್ಲಿಲ್ಲ. ಅಂಗವಿಕಲರನ್ನು ಸಾಕುವ ಕುಟುಂಬದವರಿಗೆ 1961ರ ಆದಾಯ ತೆರಿಗೆ ಕಾಯಿದೆಯ 80ಡಿಡಿ ಸೆಕ್ಷನ್ ಅಡಿಯಲ್ಲಿ, ತೆರಿಗೆಗೆ ಒಳಪಡುವ ಆದಾಯದಲ್ಲಿ 75,000 ರೂಪಾಯಿ, ವೈಕಲ್ಯ ತೀವ್ರವಾಗಿದ್ದರೆ 1,25,000 ರೂಪಾಯಿ ಕಡಿತ ಇತ್ತು. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಅದೂ ಇಲ್ಲ, ಇದ್ದಾಗಲೂ ಅದು ಕೈಗೆ ಬರುವ ಹಣವಾಗಿರಲಿಲ್ಲ. ಹೀಗಿರುವಾಗ ಫಿಸಿಯೋಥೆರಪಿ, ಸ್ಪೀಚ್ ಥೆರಪಿ, ಮಾತಿಗೆ ಬದಲಾಗಿ ಚಿತ್ರಗಳ ಮೂಲಕ ಕಲಿಸಬಲ್ಲ ಶಿಕ್ಷಕಿ, ಇವೆಲ್ಲ ಒಂದೇ ಸೂರಿನಡಿ ಇರುವ ಶಾಲೆಗೆ ಹಣ ಕಟ್ಟದೆ ನಾವು ಇನ್ನೆಲ್ಲಿಗೆ ಹೋಗಬೇಕಿತ್ತು?

ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯುವುದು ಇನ್ನೊಂದು ಸಂಗತಿ. ಮಗು ಸಂಸ್ಥೆಯಲ್ಲಿದ್ದರೆ ಅದರ ಪಾಲನೆಗೆ ಸರ್ಕಾರ ಹಣ ಕೊಡುತ್ತದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಪೋಷಕ ಆರೈಕೆಯಲ್ಲಿ, ಅಂದರೆ ದತ್ತು ಪಡೆಯದೆಯೇ ಸಾಕುವ ಬೇರೊಂದು ಕುಟುಂಬದಲ್ಲಿದ್ದರೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ದತ್ತಾದ ದಿನ ಅದೆಲ್ಲ ನಿಲ್ಲುತ್ತದೆ, ಏಕೆಂದರೆ ಆಗ ಅವಳು ಪೂರ್ಣವಾಗಿ ನಮ್ಮ ಮಗಳು, ಬೇರೆ ಮನೆಗಳ ಮಕ್ಕಳಂತೆಯೇ ಮಗಳು. ಈ ವಾದವನ್ನು ನಾನು ಸಂತೋಷದಿಂದ ಒಪ್ಪಿಕೊಂಡಿದ್ದೆ. ನಮ್ಮ ಮಗಳಿಗೆ ಅನಾಥೆಯ ಹೆಸರಿನ ನೆರವು ಬೇಡ ಎಂದು ನನಗೂ ಅನ್ನಿಸಿತ್ತು. ಆದರೆ ಈಗ ಬೇರೆ ಮನೆಗಳ ಮಕ್ಕಳಂತೆಯೇ ಅರ್ಜಿ ಹಾಕಿದರೆ, ಇವಳು ಅವರಂತಲ್ಲ, ಗೊತ್ತಿದ್ದೇ ತೆಗೆದುಕೊಂಡದ್ದು ಎನ್ನುತ್ತಾರೆ. ನೆರವನ್ನು ನಿಲ್ಲಿಸುವಾಗ ನಮ್ಮ ಮಗಳು, ನೆರವನ್ನು ಕೇಳಿದಾಗ ದತ್ತು ಮಗಳು! ಎರಡರಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ, ನಾವು ಅದಕ್ಕೆ ತಲೆಬಾಗುತ್ತೇವೆ. ಅಮೆರಿಕದಲ್ಲಿ 1980ರಲ್ಲಿಯೇ, ವಿಶೇಷ ಅಗತ್ಯದ ಮಕ್ಕಳನ್ನು ದತ್ತು ಪಡೆದ ಕುಟುಂಬಗಳಿಗೆ ದತ್ತಿನ ನಂತರವೂ ನೆರವು ಮುಂದುವರಿಯುವಂತೆ ಒಕ್ಕೂಟ ಸರ್ಕಾರವೇ ಕಾನೂನು ಮಾಡಿತು. ಮಗುವಿಗೆ ಮನೆ ಸಿಕ್ಕಿದ ಮಾತ್ರಕ್ಕೆ ಅದರ ಕಾಲು ನೇರವಾಗುವುದಿಲ್ಲ ಎಂಬ ಸರಳ ಸತ್ಯ ಅಲ್ಲಿ ಯಾರಿಗೋ ಹೊಳೆದಿತ್ತು.

ಹೀಗೆಲ್ಲ ಬರೆಯುತ್ತಿರುವಾಗಲೇ, ಹೋಗಲಿ ಬಿಡು ಎಂದೂ ಅನ್ನಿಸುತ್ತದೆ. ನಿಧಿಯಲ್ಲಿರುವ ಹಣ ಕಡಿಮೆ, ಕೇಳುವವರು ಹೆಚ್ಚು, ನನಗಿಂತ ಕಷ್ಟದಲ್ಲಿರುವವರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದುದನ್ನು ನಾನೇ ಕಂಡಿದ್ದೇನೆ. ಹಣವಿಲ್ಲ ಎಂದಿದ್ದರೆ ನಮಸ್ಕರಿಸಿ ಎದ್ದು ಬರುತ್ತಿದ್ದೆ. ಮತ್ತೊಂದು ಸಾಲ ಮಾಡುತ್ತಿದ್ದೆ, ಸಾಲ ನಮಗೆ ಹೊಸದಲ್ಲ. ಅವರ ಹಣವೇ ನನಗೆ ಬೇಡ ಎಂದು ಬರುವ ದಾರಿಯುದ್ದಕ್ಕೂ ಹೇಳಿಕೊಂಡೆ. ಆದರೆ ಅದು ಸುಳ್ಳು, ನನಗೆ ಆ ಹಣ ಬೇಕು. ಶಾಲೆಗೆ ಸೇರಿದ ಮೇಲೆ ಅವಳು ಮೊದಲ ಬಾರಿಗೆ ಫಲಕದಲ್ಲಿ ಎರಡು ಚಿತ್ರಗಳನ್ನು ಜೋಡಿಸಿ ತನಗೆ ಬೇಕಾದದ್ದನ್ನು ಹೇಳಿದಳು, ಅಲ್ಲಿಯವರೆಗೆ ಅವಳಿಗೆ ಏನು ಬೇಕೆಂದು ನಾವು ಊಹಿಸುತ್ತಿದ್ದೆವು. ಮುಂದಿನ ವರ್ಷ ಶುಲ್ಕ ಕಟ್ಟಲಾಗದೆ ಶಾಲೆ ಬಿಡಿಸಿದರೆ ಮೂರನೆಯ ಚಿತ್ರವನ್ನು ಅವಳಿಗೆ ಯಾರು ಕಲಿಸುತ್ತಾರೆ?

ಹೆತ್ತವರಿಗೆ ಬೇರೆ ದಾರಿ ಇರುವುದಿಲ್ಲ ಎಂಬ ಮಾತು ಹೆತ್ತವರಿಗೂ ಅವಮಾನವೇ. ಅವಳ ಶಾಲೆಯ ಬಾಗಿಲಲ್ಲಿ ನಾನು ದಿನವೂ ಕಾಣುವ ತಾಯಂದಿರು ವಿಧಿಯಿಲ್ಲದೆ ಮಕ್ಕಳನ್ನು ಹೊತ್ತು ತರುತ್ತಿದ್ದಾರೆಂದು ಆ ಸಮಿತಿಯವರು ಭಾವಿಸಿದ್ದಾರೆಯೇ? ಅವರ ಮಕ್ಕಳ ಅರ್ಜಿ ಮಂಜೂರಾಗಲಿ, ಮೊದಲೇ ಆಗಲಿ, ನನಗೆ ಕಿಂಚಿತ್ತೂ ಅಸೂಯೆಯಿಲ್ಲ. ಅಗತ್ಯ ಹೆಚ್ಚಿರುವವರಿಗೆ ಮೊದಲು ಎಂದರೆ ಅದು ನ್ಯಾಯ, ನಾನು ಸಾಲಿನ ಕೊನೆಯಲ್ಲಿಯೂ ನಿಲ್ಲುತ್ತೇನೆ. ಆದರೆ ಯಾವ ಗರ್ಭದಿಂದ ಬಂದಿತು ಎಂದು ನೋಡಿ ಮಕ್ಕಳ ಸಾಲನ್ನು ಕಟ್ಟುವ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು? ಇದಕ್ಕೆ ಸಮಿತಿ ಉತ್ತರಿಸದಿದ್ದರೆ ಕಾನೂನು ಬಲ್ಲವರು ಉತ್ತರಿಸಲಿ, ಅವರಿಗೂ ಆಗದಿದ್ದರೆ ಇಂಥದೇ ಮೇಜಿನ ಮುಂದೆ ಕುಳಿತು ಎದ್ದುಬಂದ ಬೇರೆ ದತ್ತು ಪಾಲಕರು ಉತ್ತರಿಸಲಿ, ನೀವು ಆಗ ಏನು ಹೇಳಿದಿರಿ ಎಂದಾದರೂ ತಿಳಿಸಿ.

ಅರ್ಜಿಯನ್ನು ಯಾವ ನಿಯಮದಡಿ ತಿರಸ್ಕರಿಸಲಾಗಿದೆ ಎಂಬುದನ್ನು ಲಿಖಿತವಾಗಿ ಕೊಡಬೇಕೆಂದು ಸಮಿತಿಗೆ ಪತ್ರ ಸಿದ್ಧಪಡಿಸಿದ್ದೇನೆ. 63ನೇ ಸೆಕ್ಷನ್ನಿನ ಪೂರ್ಣ ಪಠ್ಯವನ್ನು ಅದರೊಂದಿಗೆ ಲಗತ್ತಿಸಿದ್ದೇನೆ. ಇದರಿಂದ ಏನಾದರೂ ಆಗುತ್ತದೆ ಎಂಬ ಭರವಸೆ ನನಗಿಲ್ಲ, ಆದರೂ ನಾಳೆ ಕಚೇರಿ ತೆರೆಯುವ ಹೊತ್ತಿಗೆ ಅಲ್ಲಿರುತ್ತೇನೆ. ಗೊತ್ತಿದ್ದೇ ದತ್ತು ತೆಗೆದುಕೊಂಡಿದ್ದರಿಂದ ನೆರವಿಲ್ಲ ಎಂಬ ಕಾರಣವನ್ನು ಬಾಯಲ್ಲಿ ಹೇಳಿದಷ್ಟೇ ಸಲೀಸಾಗಿ ಕಾಗದದ ಮೇಲೆ ಬರೆದು, ಕೆಳಗೆ ತಮ್ಮ ಹೆಸರು ಮತ್ತು ಹುದ್ದೆಯೊಂದಿಗೆ ಅಧ್ಯಕ್ಷರು ಸಹಿ ಮಾಡಿಕೊಡಲಿ.