ಕುರಿಗೆ ಪಹಣಿ ಎಲ್ಲಿಂದ ತರೋದು?

ನಾನಿರುವುದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಚೆರ್ರಿ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಜನ ಆರು ಸಾವಿರವೂ ಇಲ್ಲ. ಕಣ್ಣು ಹಾಯಿಸಿದಷ್ಟೂ ಮರಳು ದಿಬ್ಬ, ಮೇಲೆ ಹುಲ್ಲು, ಹುಲ್ಲಲ್ಲಿ ಕಪ್ಪು ದನ. ದನ ಸಾಕುವುದೇ ಇಲ್ಲಿಯವರ ಬದುಕು.

ಇಲ್ಲಿ ಪ್ರತಿ ಗುರುವಾರ, ಎಲ್ಲಿ ಎಷ್ಟು ಬರಗಾಲ ಅಂತ ಬಣ್ಣದಲ್ಲಿ ತೋರಿಸುವ ನಕ್ಷೆ ಬರುತ್ತದೆ. 1999ರಿಂದಲೂ ಹೀಗೇ ವಾರವಾರ ಬರುತ್ತಿದೆ. ಪಕ್ಕದ ಮನೆಯ ದನಗಾರ ಅವತ್ತು ಬೆಳಿಗ್ಗೆ ಅಡುಗೆಮನೆ ಮೇಜಿನ ಮೇಲೆ ಫೋನ್ ಇಟ್ಟು, ನಕ್ಷೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನಮ್ಮ ಕೌಂಟಿ ಯಾವ ಬಣ್ಣದಲ್ಲಿದೆ ಅಂತ ನೋಡುತ್ತಾನೆ. ಹಳದಿ ಆದರೆ ಒಣಹವೆ ಅಷ್ಟೇ. ಮೇಯಿಸುವ ಕಾಲದಲ್ಲಿ ಕಿತ್ತಳೆ ಬಣ್ಣ ಬಿದ್ದು ನಾಲ್ಕು ವಾರ ಹಾಗೇ ನಿಂತರೆ ಮೇವಿನ ಪರಿಹಾರಕ್ಕೆ ಅರ್ಜಿ ಹಾಕಬಹುದು. ಮೊದಲು ಎಂಟು ವಾರ ಬೇಕಿತ್ತು, 2025ರ ಕಾನೂನಿನಲ್ಲಿ ನಾಲ್ಕಕ್ಕೆ ಇಳಿಸಿದರು. ಕೆಂಪಾದರೆ ಇನ್ನೂ ಜಾಸ್ತಿ ತಿಂಗಳ ಮೇವಿನ ದುಡ್ಡು. ಯಾವ ಮಂತ್ರಿಯೂ ಬರ ಅಂತ ಘೋಷಿಸಬೇಕಾಗಿಲ್ಲ. ದನದ ಲೆಕ್ಕ, ಹುಲ್ಲುಗಾವಲಿನ ಕಾಗದ ಹಿಡಿದು ಕೌಂಟಿಯ ಕೃಷಿ ಕಚೇರಿಗೆ ಹೋದರೆ ಆಯಿತು. ಗಾವಲು ಸ್ವಂತದ್ದೇ ಆಗಬೇಕಿಲ್ಲ, ಗುತ್ತಿಗೆಯದ್ದಾದರೂ ನಡೆಯುತ್ತದೆ.

ಇದನ್ನು ನೋಡಿದಾಗಲೆಲ್ಲ ಚಳ್ಳಕೆರೆ ಕಡೆ ಕುರಿ ಕಾಯುವ ಚಿಕ್ಕಪ್ಪ ನೆನಪಾಗುತ್ತಾನೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದವು. ಮನವಿ ಹೋಯಿತು, ಕೇಂದ್ರದ ತಂಡ ಬಂದು ನೋಡಿಕೊಂಡು ಹೋಯಿತು, ಕೊನೆಗೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಕೇಂದ್ರದ 3,454 ಕೋಟಿ ಬಿಡುಗಡೆ ಆದದ್ದು 2024ರ ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ಚಿಕ್ಕಪ್ಪ ಅರ್ಧ ಹಿಂಡನ್ನು ಸಂತೆಯಲ್ಲಿ ಕೇಳಿದ ರೇಟಿಗೆ ಕೊಟ್ಟಾಗಿತ್ತು. ಬೆಳೆ ಪರಿಹಾರ ಅಂತ ಅವನ ಖಾತೆಗೆ ಒಂದು ರೂಪಾಯಿಯೂ ಬೀಳಲಿಲ್ಲ. ಪಹಣಿಯೇ ಇಲ್ಲದವನಿಗೆ ಬೆಳೆ ಎಲ್ಲಿಂದ ಬಂತು? ಅವನ ಆಸ್ತಿ ನಾಲ್ಕು ಕಾಲಿನ ಮೇಲೆ ಓಡಾಡುತ್ತದೆ.

ಇಲ್ಲಿಯದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ತಲೆ ಎಣಿಸಿ ಕೊಡುವುದರಿಂದ ಸಾವಿರ ದನ ಇರುವವನಿಗೇ ದೊಡ್ಡ ಪಾಲು ಹೋಗುತ್ತದೆ. ಒಬ್ಬನಿಗೆ ವರ್ಷಕ್ಕೆ 1,25,000 ಡಾಲರ್ ಅಂತ ಮಿತಿ ಇದೆ ನಿಜ, ಆದರೆ ಅದು ಮಿತಿಯಾ? ನಲವತ್ತು ದನ ಇಟ್ಟುಕೊಂಡವನ ಕೈಗೆ ಬರುವುದು ಕೆಲವು ವಾರದ ಮೇವಿನ ಖರ್ಚು. ಈ ವಿಷಯದಲ್ಲಿ ಬೆಳೆ ಪರಿಹಾರಕ್ಕೆ ನಮ್ಮಲ್ಲಿರುವ ಎರಡು ಹೆಕ್ಟೇರ್ ಮಿತಿಯೇ ನ್ಯಾಯ ಅನಿಸುತ್ತದೆ. ದುಡ್ಡು ಕಡಿಮೆ, ಆದರೆ ದೊಡ್ಡವನು ಬಾಚಿಕೊಳ್ಳುವ ಹಾಗಿಲ್ಲ.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ನಮ್ಮಲ್ಲಿ ಮಾಹಿತಿಗೆ ಬರ ಇಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ, ಎಷ್ಟು ಮಿಲಿಮೀಟರ್ ಬಿತ್ತು ಅಂತ ಅವತ್ತಿಗವತ್ತೇ ಗೊತ್ತಾಗುತ್ತದೆ. ಇಡೀ ಚೆರ್ರಿ ಕೌಂಟಿಯನ್ನು ಒಂದೇ ಘಟಕ ಅಂತ ನೋಡುವ ಇಲ್ಲಿಯವರಿಗಿಂತ ನಮ್ಮ ಲೆಕ್ಕ ಸೂಕ್ಷ್ಮ. ಜಾನುವಾರು ಗಣತಿಯಲ್ಲಿ ಕುರಿಯನ್ನೂ ಎಣಿಸುತ್ತಾರೆ. ಇಷ್ಟಿದ್ದೂ ಮಳೆಯ ಲೆಕ್ಕಕ್ಕೂ ಕುರಿಯ ಲೆಕ್ಕಕ್ಕೂ ಒಂದು ನಂಟು ಹಾಕಿ, ಇಷ್ಟು ವಾರ ಮಳೆ ಇಲ್ಲದಿದ್ದರೆ ನೂರು ಕುರಿಯವರೆಗೆ ತಲೆಗೆ ಇಷ್ಟು ಅಂತ ನಿಯಮ ಮಾಡಲು ಏನು ಅಡ್ಡಿ?

ಹೋದ ವಾರ ಫೋನಿನಲ್ಲಿ ಚಿಕ್ಕಪ್ಪನಿಗೆ ಈ ಗುರುವಾರದ ನಕ್ಷೆಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಪ್ಪಾ, ಅಲ್ಲಿ ಕುರಿಗೂ ಕೊಡ್ತಾರಾ?" ಅಂದ. ಹೂಂ ಚಿಕ್ಕಪ್ಪ, ಕೊಡ್ತಾರೆ ಅಂದೆ.