ಮಗು ಮುಟ್ಟಬಾರದ ಮಕ್ಕಳ ಜಾಕೆಟ್

ನ್ಯೂಜೆರ್ಸಿಯ ನನ್ನ ಗೆಳೆಯನಿಗೆ ವಯಸ್ಸು 46, ಸೊಂಟ 38. ಮೊನ್ನೆ ಆತ ಶಾಲಾ ಹುಡುಗನ ಅಳತೆಯ ಜಾಕೆಟ್ ಕೊಂಡ. ಮಗನಿಗಲ್ಲ. ಮಗ ಅದರ ಹತ್ತಿರ ಸುಳಿಯುವಂತಿಲ್ಲ, ಅದರಲ್ಲೂ ಕೈಯಲ್ಲಿ ಚಿಪ್ಸ್ ಇದ್ದಾಗ.

ಜಾಕೆಟ್ ಸ್ಟಾರ್ಟರ್ ಕಂಪನಿಯದು, ಮೇಲೆ ಆಟದ ತಂಡದ ಗುರುತು ಇರುವಂಥದ್ದು. 1971ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಹುಟ್ಟಿ, ಅಮೆರಿಕದ ಹುಡುಗರಿಗೆಲ್ಲ ಹುಚ್ಚು ಹಿಡಿಸಿ, 1999ರಲ್ಲಿ ದಿವಾಳಿ ಎದ್ದ ಕಂಪನಿ. ತೊಂಬತ್ತರ ದಶಕದಲ್ಲಿ ಈ ಜಾಕೆಟ್ಟಿಗಾಗಿ ಹುಡುಗರನ್ನು ದಾರಿಯಲ್ಲಿ ಅಡ್ಡಗಟ್ಟಿ ದೋಚುತ್ತಿದ್ದರು. ಕೆಲವು ಶಾಲೆಗಳು ಹಾಕಿಕೊಂಡೇ ಬರಬೇಡಿ ಎಂದವು. ಈಗ ದೋಚುವ ಕೆಲಸ ಆನ್‌ಲೈನ್ ಹರಾಜಿನಲ್ಲಿ ಸಭ್ಯವಾಗಿ ನಡೆಯುತ್ತದೆ. ಎಷ್ಟಾಯ್ತು ಎಂದು ಕೇಳಿದೆ. ಹೆಂಡತಿ ಅಡುಗೆಮನೆಯಲ್ಲಿದ್ದುದರಿಂದ ಬೆರಳಲ್ಲಿ ತೋರಿಸಿದ. ನಮ್ಮೂರಿನ ಹಳೇ ಬಟ್ಟೆ–ಸ್ಟೀಲ್ ಪಾತ್ರೆಯವಳು ಆ ಝಿಪ್ ನೋಡಿದ್ದರೆ ಒಂದು ಲೋಟಕ್ಕೂ ಒಪ್ಪುತ್ತಿರಲಿಲ್ಲ.

ಹಳೇ ಜಾಕೆಟ್ ಸಂಗ್ರಹಿಸುವವರ ಲೋಕದ ಪರಮಪದಕ್ಕೆ ಡೆಡ್‌ಸ್ಟಾಕ್ ಎಂದು ಹೆಸರು. ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿರಬೇಕು. ಮೂವತ್ತು ವರ್ಷದಲ್ಲಿ ಒಂದು ಮಗುವೂ ಆ ತೋಳಿನೊಳಗೆ ಕೈ ತೂರಿಸಿರಬಾರದು. ಮಕ್ಕಳ ಬಟ್ಟೆಗೆ ಬರಬಹುದಾದ ಅತಿ ದೊಡ್ಡ ರೋಗವೆಂದರೆ ಮಗು. ಗೆಳೆಯನದು ಆ ರೋಗ ತಗುಲಿದ ಮಾಲು. ಒಳಗಿನ ಪಟ್ಟಿಯಲ್ಲಿ ಯಾವಳೋ ತಾಯಿ ಮಾರ್ಕರ್‌ನಿಂದ ಮಗನ ಹೆಸರು ಬರೆದಿದ್ದಾಳೆ, ಕೊನೆಯ ಅಕ್ಷರ ತೊಳೆದು ತೊಳೆದು ಕಲಸಿಹೋಗಿದೆ. ಜಾಕೆಟ್ ಕಳೆಯದಿರಲಿ ಎಂದು ಬರೆದಳು, ಪಾಪ, ಬೆಲೆ ಕಳೆದಳು.

ಅಳತೆ ಯೂತ್ ಎಕ್ಸ್‌ಎಲ್, ಅಂದರೆ ಮಕ್ಕಳ ಅಳತೆಗಳಲ್ಲಿ ದೊಡ್ಡದು. ಸಂಗ್ರಾಹಕರು ಕಂಕುಳಿಂದ ಕಂಕುಳಿಗೆ ಟೇಪು ಹಿಡಿದು ‘ಪಿಟ್ ಟು ಪಿಟ್’ ಎಷ್ಟೆಂದು ಗಂಭೀರವಾಗಿ ವಿಚಾರಿಸುತ್ತಾರೆ. ಗೆಳೆಯ ನನ್ನೆದುರೇ ಉಸಿರು ಬಿಗಿಹಿಡಿದು ಹಾಕಿಕೊಂಡ. ಝಿಪ್ ಹೊಟ್ಟೆಯವರೆಗೆ ಬಂದು, ಪರಿಸ್ಥಿತಿ ನೋಡಿ, ನಿಂತಿತು. ದೀಪಾವಳಿಗೆ ಬಟ್ಟೆ ಹೊಲಿಸುವಾಗ ನಮ್ಮಪ್ಪ ಟೈಲರಿಗೆ ‘ಬೆಳೆಯೋ ಹುಡುಗ, ನಾಲ್ಕು ಬೆರಳು ಹೆಚ್ಚೇ ಇರಲಿ’ ಎನ್ನುತ್ತಿದ್ದರು. ಇಲ್ಲಿ ಬೆಳೆದ ಹುಡುಗ ಎರಡು ಗೇಣು ಇಳಿಯಬೇಕು.

ಅಂದಹಾಗೆ, ಜಾಕೆಟ್ ಮೇಲಿರುವುದು ಹಾರ್ಟ್‌ಫರ್ಡ್ ವೇಲರ್ಸ್ ಎಂಬ ಐಸ್ ಹಾಕಿ ತಂಡ. 1997ರಲ್ಲಿ ಅದು ಗಂಟುಮೂಟೆ ಕಟ್ಟಿ ನಾರ್ತ್ ಕೆರೊಲೈನಾಕ್ಕೆ ಹೋಗಿ ಹರಿಕೇನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಸಿಯಾಟಲ್‌ನ ಬ್ಯಾಸ್ಕೆಟ್‌ಬಾಲ್ ತಂಡ ಸೂಪರ್‌ಸಾನಿಕ್ಸ್ 2008ರಲ್ಲಿ ಒಕ್ಲಹೋಮಾ ಸಿಟಿಗೆ ಗುಳೆ ಹೋಯಿತು. ಇಂಥ ಊರು ಬಿಟ್ಟ ತಂಡಗಳ ಜಾಕೆಟ್ಟೆಂದರೆ ಇವರಿಗೆ ಪ್ರಾಣ. ನಾವು ಪಿತೃಪಕ್ಷದಲ್ಲಿ ಹೋದವರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಾಕುತ್ತೇವೆ. ಇವರು ಹೋದ ತಂಡಕ್ಕೆ ಹಳೇ ಬಟ್ಟೆ ಇಡುತ್ತಾರೆ, ಅಷ್ಟೇ ವ್ಯತ್ಯಾಸ.

‘ಬಾಲ್ಯದ ನೆನಪು ಕಣೋ’ ಅಂದ. ಯಾರ ಬಾಲ್ಯ? ಇವನು ಹುಟ್ಟಿ ಬೆಳೆದದ್ದು ತಿಪಟೂರಿನಲ್ಲಿ. ಅಲ್ಲಿ ಐಸ್ ಅಂದರೆ ಸೈಕಲ್ ಮೇಲೆ ಬರುತ್ತಿದ್ದ ಕ್ಯಾಂಡಿ, ಅದನ್ನು ಕೋಲಿನಿಂದ ಹೊಡೆದವರನ್ನು ನಾನು ಕಂಡಿಲ್ಲ. ಸೆಕೆಂಡ್ ಹ್ಯಾಂಡ್ ಜಾಕೆಟ್ಟಿನ ಜೊತೆ ಸೆಕೆಂಡ್ ಹ್ಯಾಂಡ್ ಬಾಲ್ಯವೂ ಪಾರ್ಸೆಲ್ಲಿನಲ್ಲಿ ಬಂದಿರಬೇಕು.

ಊರಿಂದ ಬಂದಿದ್ದ ಅವನ ತಾಯಿ ಜಾಕೆಟ್ ಮಡಚಲು ಕೈಗೆತ್ತಿಕೊಂಡರು. ಒಳಗಿನ ಹೆಸರು ಕಣ್ಣಿಗೆ ಬಿತ್ತು. ಕನ್ನಡಕ ಏರಿಸಿ, ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದರು.

‘ಯಾರದೋ ಮಗೂದು ಕಣೋ ಇದು. ಹುಡುಕ್ತಿರುತ್ತೆ ಪಾಪ, ಕೊಟ್ಟು ಬಾ.’