ಉದ್ಯಾ ಯಾ!
ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಡೈ (ಬಣ್ಣ) ತಯಾರಿಸೋ ಕಾರ್ಖಾನೆ ಮುಚ್ಚಿ ಮೂರು ವರ್ಷ. ಗೋಡೆಗೆಲ್ಲ ರಾಸಾಯನಿಕ ಇಳಿದಿದೆ, ಮೇಲೆ ಆಸ್ಬೆಸ್ಟಾಸ್ ಶೀಟು. ಕೆಡವೋಕೆ ಅನುಮತಿ ಬೇಕು, ಒಪ್ಪಿದೆ. ಕೊಡೋ ಸಾಹೇಬರೆಲ್ಲಿ? ‘ಉದ್ಯಾ ಯಾ’ (ನಾಳೆ ಬನ್ನಿ) ಅನ್ನೋದೇ ನಾನು ಇಲ್ಲಿ ಕಲಿತ ಮರಾಠಿ. ನಿನ್ನೆ ಹೋದ್ರೆ, ‘ಅರ್ಜಿ ಹಳೇದಾಯ್ತು, ಹೊಸದು ಹಾಕಿ’ ಅಂದ್ರು. ಹಳೇದು ಮಾಡಿದವರು ಯಾರಪ್ಪಾ?

2016ರ ನಿಯಮದಂತೆ ಅಪಾಯಕಾರಿ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಕೊಳ್ಳೋ ಹಾಗಿಲ್ಲ. ಫೈಲನ್ನು ಎಷ್ಟು ದಿನ ಇಟ್ಕೋಬಹುದು ಸ್ವಾಮಿ? ಆ ತ್ಯಾಜ್ಯದ ಲಾರಿ ಹೊರಡೋಕೆ ಸಾಗಣೆ ಪತ್ರದ ಏಳು ಬಣ್ಣದ ಏಳು ಪ್ರತಿ ಬೇರೆ. ಕಾಮನಬಿಲ್ಲು ನೋಡಿ ಖುಷಿಪಡೋಣ ಅಂದ್ರೆ ಅದರಲ್ಲೂ ಒಂದು ಬೂದು!

ಮಳೆ ಶುರುವಾಯ್ತು. ಶೀಟು ತಾನಾಗೇ ಉದುರುತ್ತಿದೆ. ಅದಕ್ಕೆ ಯಾರ ಸಹಿಯೂ ಬೇಕಾಗಿಲ್ಲ ನೋಡಿ.